ಹಸಿದವರ ಹೊಣೆ ಯಾರದು? ಎರಡು ಮಹಾಯುದ್ಧಗಳ ನಡುವಿನ ಕೆನಡಾ

1930ರ ದಶಕದ ಬರಗಾಲದಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಪುಟ್ಟ ರೈಲು ನಿಲ್ದಾಣಗಳಿಗೆ ಪೂರ್ವದ ಕಡೆಯಿಂದ ಪರಿಹಾರ ಸಾಮಗ್ರಿ ಹೊತ್ತ ವ್ಯಾಗನ್‌ಗಳು ಬರುತ್ತಿದ್ದವು. ಸೇಬು, ತರಕಾರಿ, ಹಳೆಯ ಬಟ್ಟೆ. ಅವುಗಳ ಜೊತೆಗೆ ಹಲಗೆಯಂತೆ ಚಪ್ಪಟೆಯಾಗಿ, ಗಟ್ಟಿಯಾಗಿ, ಮೈತುಂಬ ಉಪ್ಪು ಮೆತ್ತಿಕೊಂಡಿದ್ದ ಇನ್ನೊಂದು ಪದಾರ್ಥವೂ ಇರುತ್ತಿತ್ತು. ಅದು ಅಟ್ಲಾಂಟಿಕ್ ತೀರದವರು ಒಣಗಿಸಿ ಕಳಿಸಿದ ಕಾಡ್ ಮೀನು. ಸಮುದ್ರದಿಂದ ಸಾವಿರಾರು ಕಿಲೋಮೀಟರ್ ದೂರದ ಬಯಲುಸೀಮೆಯ ಗೋಧಿ ರೈತರಲ್ಲಿ ಬಹಳ ಮಂದಿ ಅಂಥದ್ದನ್ನು ಕಂಡೇ ಇರಲಿಲ್ಲ. ಒಣಮೀನು ಬಲ್ಲವರಿಗೆ ಗೊತ್ತು, ಅದನ್ನು ರಾತ್ರಿಯಿಡೀ ನೆನೆಹಾಕಿ, ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಬಿಡಿಸಬೇಕು. ಹಾಗೆ ಮಾಡದೆ ಬೇಯಿಸಿದರೆ ಬಾಯಿಗಿಡಲಾಗುವುದಿಲ್ಲ. ತಿನ್ನುವುದಕ್ಕಿಂತ ಛಾವಣಿಗೆ ಹೊದಿಸಲು ಲಾಯಕ್ಕು ಎಂಬ ನಗೆಮಾತು ಆಗ ಹುಟ್ಟಿಕೊಂಡಿತು.

ನಗು ಬರುವ ಸಂಗತಿಯೇ, ಆದರೆ ಸ್ವಲ್ಪ ನಿಂತು ಯೋಚಿಸಿದರೆ ವಿಚಿತ್ರವೆನಿಸುತ್ತದೆ. 1928ರಲ್ಲಿ 56 ಕೋಟಿಗೂ ಹೆಚ್ಚು ಬುಶೆಲ್ ಗೋಧಿ ಬೆಳೆದು ಯುರೋಪಿಗೆ ರೊಟ್ಟಿ ಒದಗಿಸಿದ ದೇಶ ಅದು. ಆ ದೇಶದ ರೈತ, ಕೆಲವೇ ವರ್ಷಗಳಲ್ಲಿ, ತನ್ನಷ್ಟೇ ಬಡವರಾದ ಮೀನುಗಾರರು ಕಳಿಸಿದ ಮೀನಿಗೆ ಕೈಯೊಡ್ಡಿ ನಿಲ್ಲಬೇಕಾಗಿ ಬಂದದ್ದು ಹೇಗೆ? ದೇಶದ ಸರ್ಕಾರ ಎಲ್ಲಿತ್ತು?

ಎರಡು ಯುದ್ಧಗಳ ನಡುವಿನ ಕೆನಡಾದ ಕಥೆಯನ್ನು ಸಾಮಾನ್ಯವಾಗಿ ಎರಡು ಚಿತ್ರಗಳಲ್ಲಿ ಹೇಳಿ ಮುಗಿಸುತ್ತಾರೆ: ಮೊದಲ ಹತ್ತು ವರ್ಷ ಮೋಟಾರು, ರೇಡಿಯೊ, ಮೋಜು, ಮುಂದಿನ ಹತ್ತು ವರ್ಷ ಧೂಳು, ಹಸಿವು. ಈ ಚಿತ್ರಗಳು ಸುಳ್ಳಲ್ಲ. ಆದರೆ ಅವೆರಡನ್ನೂ ಪೋಣಿಸುವ ದಾರ ಬೇರೆಯೇ ಇದೆ ಎಂದು ನನಗನಿಸುತ್ತದೆ. ಕೆಲಸ ಕಳೆದುಕೊಂಡವನ, ವಯಸ್ಸಾದವನ, ಬೆಳೆ ಹೋದವನ ಹೊಣೆ ಯಾರದು ಎಂಬ ಪ್ರಶ್ನೆಯೇ ಆ ದಾರ. ಕೆನಡಾ ಅದಕ್ಕೆ ಉತ್ತರ ಹುಡುಕಲು ಇಪ್ಪತ್ತು ವರ್ಷ ತೆಗೆದುಕೊಂಡಿತು.

ಹಣ ಮೇಲೆ, ಹೊಣೆ ಕೆಳಗೆ

ತೊಡಕಿನ ಬೇರು 1867ರ ಸಂವಿಧಾನ ಕಾಯ್ದೆಯಲ್ಲಿದೆ. ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಆ ಕಾಯ್ದೆ ಕೆಲಸಗಳನ್ನು ಒಟ್ಟಾವಾದ ಕೇಂದ್ರ ಸರ್ಕಾರಕ್ಕೂ ಪ್ರಾಂತ್ಯಗಳಿಗೂ ಹಂಚಿತ್ತು. ರೈಲು, ಬ್ಯಾಂಕು, ಸುಂಕ, ಸೇನೆ ಇವು ಒಟ್ಟಾವಾಕ್ಕೆ. ಆಸ್ಪತ್ರೆ, ಅನಾಥಾಲಯ, ದಾನಧರ್ಮದ ಸಂಸ್ಥೆಗಳು ಪ್ರಾಂತ್ಯಗಳಿಗೆ. 1867ರಲ್ಲಿ ಇವು ಸಣ್ಣಪುಟ್ಟ ಖರ್ಚಿನ ಬಾಬತ್ತುಗಳು. ಬಡವರನ್ನು ಚರ್ಚು ನೋಡಿಕೊಳ್ಳುತ್ತಿತ್ತು, ಇಲ್ಲವೇ ಬಂಧುಗಳು ನೋಡಿಕೊಳ್ಳುತ್ತಿದ್ದರು. ಪ್ರಾಂತ್ಯಗಳು ಈ ಹೊರೆಯನ್ನು ಇನ್ನೂ ಕೆಳಗೆ ತಳ್ಳಿ ಊರಿನ ನಗರಸಭೆಯ ತಲೆಗೆ ಕಟ್ಟಿದವು.

ತೆರಿಗೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಒಟ್ಟಾವಾ ಯಾವ ಬಗೆಯ ತೆರಿಗೆಯನ್ನಾದರೂ ಹಾಕಬಹುದಿತ್ತು. ಪ್ರಾಂತ್ಯಗಳಿಗೆ ನೇರ ತೆರಿಗೆ ಮಾತ್ರ. ನಗರಸಭೆಗೆ ಮುಖ್ಯವಾಗಿ ಮನೆ ಮತ್ತು ನಿವೇಶನದ ಕಂದಾಯವೇ ಗತಿ. ಊರಿನ ಕಾರ್ಖಾನೆ ಮುಚ್ಚಿದಾಗ ಏನಾಗುತ್ತದೆ ನೋಡಿ. ಕೆಲಸ ಹೋದವರು ಸಹಾಯ ಕೇಳಿ ನಗರಸಭೆಯ ಬಾಗಿಲಿಗೆ ಬರುತ್ತಾರೆ. ಅದೇ ತಿಂಗಳು ಅವರು ಮನೆ ಕಂದಾಯ ಕಟ್ಟುವುದನ್ನೂ ನಿಲ್ಲಿಸುತ್ತಾರೆ. ಬೇಡಿಕೆ ಏರಿದಷ್ಟೂ ಬೊಕ್ಕಸ ಬರಿದಾಗುತ್ತದೆ. ನೀರಿನ ತೊಟ್ಟಿಯನ್ನು ಒಬ್ಬರ ಮನೆಯಲ್ಲಿಟ್ಟು, ಬೆಂಕಿ ಆರಿಸುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದಂಥ ವ್ಯವಸ್ಥೆ.

ಯುದ್ಧ ಮುಗಿದ ಮರುವರ್ಷವೇ ಈ ವ್ಯವಸ್ಥೆಯ ಬಿರುಕು ಕಾಣಿಸಿತು. ಮೊದಲ ಮಹಾಯುದ್ಧಕ್ಕೆ 6 ಲಕ್ಷಕ್ಕೂ ಹೆಚ್ಚು ಕೆನಡಿಯನ್ನರು ಸಮವಸ್ತ್ರ ತೊಟ್ಟಿದ್ದರು. ಸುಮಾರು 60,000 ಮಂದಿ ಮರಳಲಿಲ್ಲ. ಅದರ ಬೆನ್ನಿಗೇ ಬಂದ ಇನ್‌ಫ್ಲುಯೆಂಜಾ ಇನ್ನೂ ಸುಮಾರು 50,000 ಜನರನ್ನು ಕೊಂಡೊಯ್ಯಿತು. ಮರಳಿ ಬಂದ ಸೈನಿಕರಿಗೆ ಕೆಲಸವಿಲ್ಲ, ಇದ್ದವರಿಗೆ ಸಂಬಳ ಸಾಲದು, ಮಾರುಕಟ್ಟೆಯಲ್ಲಿ ಬೆಲೆ ಗಗನಕ್ಕೇರಿತ್ತು.

1919ರ ಮೇ 15ರ ಬೆಳಿಗ್ಗೆ ಏಳು ಗಂಟೆಗೆ ವಿನಿಪೆಗ್ ನಗರದ ಟೆಲಿಫೋನ್ ವಿನಿಮಯ ಕೇಂದ್ರದ ಹೆಣ್ಣುಮಕ್ಕಳು ಪಾಳಿಗೆ ಹೋಗಲಿಲ್ಲ. ಕಟ್ಟಡ ಮತ್ತು ಲೋಹ ಕಾರ್ಮಿಕರ ಬೆಂಬಲಕ್ಕೆ ಕರೆದಿದ್ದ ಮುಷ್ಕರ ಶುರುವಾದದ್ದೇ ಅವರಿಂದ. ಸಂಜೆಯೊಳಗೆ ಊರು ಸ್ತಬ್ಧ. ಸುಮಾರು 30,000 ಜನ ಕೆಲಸ ಬಿಟ್ಟಿದ್ದರು, ಅದರಲ್ಲಿ ಅನೇಕರು ಯಾವ ಸಂಘಕ್ಕೂ ಸೇರಿದವರಲ್ಲ. ಮಕ್ಕಳಿಗೆ ಹಾಲು, ರೊಟ್ಟಿ ತಪ್ಪಬಾರದಲ್ಲ, ಅದಕ್ಕಾಗಿ ಹಾಲಿನ ಗಾಡಿಗಳು ‘ಮುಷ್ಕರ ಸಮಿತಿಯ ಅನುಮತಿ ಇದೆ’ ಎಂಬ ಫಲಕ ಹೊತ್ತು ಓಡಾಡಿದವು. ಊರಿನ ಸಿರಿವಂತರನ್ನು ಬೆಚ್ಚಿಬೀಳಿಸಿದ್ದು ಈ ಫಲಕ. ಹಾಲು ಬಂತು ಎಂಬುದಕ್ಕಿಂತ ಅದಕ್ಕೆ ಅಪ್ಪಣೆ ಕೊಟ್ಟವರು ಯಾರು ಎಂಬುದು ಅವರ ಚಿಂತೆ. ರಷ್ಯಾದ ಕ್ರಾಂತಿಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಜೂನ್ 21ರ ಶನಿವಾರ ಕುದುರೆ ಪೊಲೀಸರು ಗುಂಪಿನ ಮೇಲೆ ಗುಂಡು ಹಾರಿಸಿದರು. ಇಬ್ಬರು ಸತ್ತರು, ಮುಷ್ಕರ ಮುರಿದುಬಿತ್ತು.

ಬಂಧಿತರಲ್ಲಿ ಜೆ. ಎಸ್. ವುಡ್ಸ್‌ವರ್ತ್ ಎಂಬ ಮಾಜಿ ಪಾದ್ರಿಯೂ ಇದ್ದ. ಅದಕ್ಕೆ ಸ್ವಲ್ಪ ಮುಂಚೆ ವ್ಯಾಂಕೂವರ್ ಬಂದರಿನಲ್ಲಿ ಮೂಟೆ ಹೊತ್ತಿದ್ದವನು. ಮುಷ್ಕರದ ಪತ್ರಿಕೆಯನ್ನು ನಡೆಸಿದ್ದಕ್ಕೆ ಆತನ ಮೇಲೆ ರಾಜದ್ರೋಹದ ಆರೋಪ ಬಂತು. ಆರೋಪಪಟ್ಟಿಯಲ್ಲಿ ಎತ್ತಿ ತೋರಿಸಿದ ‘ದ್ರೋಹದ’ ಬರಹಗಳಲ್ಲಿ ಬೈಬಲಿನ ಯೆಶಾಯನ ವಾಕ್ಯಗಳೂ ಸೇರಿದ್ದವು! ಮೊಕದ್ದಮೆ ಮುಂದಕ್ಕೆ ಹೋಗಲಿಲ್ಲ. 1921ರಲ್ಲಿ ವಿನಿಪೆಗ್‌ನ ಜನ ಆತನನ್ನು ಪಾರ್ಲಿಮೆಂಟಿಗೆ ಕಳಿಸಿದರು. ಈ ಮನುಷ್ಯನನ್ನು ನೆನಪಿನಲ್ಲಿಡಿ.

ಒಂದು ಬೆಳೆಯ ಮೇಲೆ ನಿಂತ ಸಿರಿ

1920ರ ದಶಕದ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಮೊದಲ ಮೂರು ನಾಲ್ಕು ವರ್ಷ ಬಿಗಿ, ಆಮೇಲೆ ಸಡಿಲ. ಆಶಾವಾದ ಉಕ್ಕಿತು. ದಶಕದ ಕೊನೆಗೆ ರಸ್ತೆಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಮೋಟಾರು ವಾಹನಗಳಿದ್ದವು. ಕಾಡು ಕಡಿದು ಮಾಡಿದ ಪತ್ರಿಕಾ ಕಾಗದ ಅಮೆರಿಕದ ಮುದ್ರಣಾಲಯಗಳಿಗೆ ಹೋಯಿತು. ಬಂಡವಾಳ ಲಂಡನ್ನಿನ ಬದಲು ನ್ಯೂಯಾರ್ಕಿನಿಂದ ಬರತೊಡಗಿತು. 1931ರ ಜನಗಣತಿ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು.

ಆದರೆ ಈ ಹಬ್ಬದೂಟದ ಪಂಕ್ತಿಗೆ ಎಲ್ಲರನ್ನೂ ಕರೆದಿರಲಿಲ್ಲ. ನೋವಾ ಸ್ಕೋಷಿಯಾದ ಕೇಪ್ ಬ್ರೆಟನ್ ದ್ವೀಪದಲ್ಲಿ ಗಣಿ, ಮನೆ, ಅಂಗಡಿ, ನೀರು, ವಿದ್ಯುತ್ ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿ. ಗಣಿಗಾರರು ಕಂಪನಿ ಅಂಗಡಿಯಿಂದ ಸಾಲದಲ್ಲಿ ಸಾಮಾನು ತರುತ್ತಿದ್ದರು. ಸಂಬಳದ ದಿನ ಸಾಲ ಮುರಿದುಕೊಂಡರೆ ಕೈಗೆ ಏನೂ ಉಳಿಯುತ್ತಿರಲಿಲ್ಲ. ಆ ಅಂಗಡಿಗೆ ಅವರು ಇಟ್ಟಿದ್ದ ಅಡ್ಡಹೆಸರಿನ ಅರ್ಥ ‘ನನ್ನ ಪುಕ್ಕ ಕೀಳು’ ಎಂದು. 1925ರಲ್ಲಿ ಕಂಪನಿ ಸಾಲ ಕೊಡುವುದನ್ನೇ ನಿಲ್ಲಿಸಿತು, ಮುಷ್ಕರ ಆರಂಭವಾಯಿತು. ಆಮೇಲೆ ನ್ಯೂ ವಾಟರ್‌ಫರ್ಡ್ ಊರಿಗೆ ನೀರು, ವಿದ್ಯುತ್ತನ್ನೂ ಕಡಿಯಿತು. ಜೂನ್ 11ರಂದು ಗಣಿಗಾರರು ವಿದ್ಯುತ್ ಸ್ಥಾವರದತ್ತ ನಡೆದಾಗ ಕಂಪನಿಯ ಪೊಲೀಸರು ಗುಂಡು ಹಾರಿಸಿದರು. ವಿಲಿಯಂ ಡೇವಿಸ್ ಎಂಬ ಗಣಿಗಾರ ಸತ್ತ. ಆ ದಿನವನ್ನು ಅಲ್ಲಿನವರು ಈಗಲೂ ಆತನ ಹೆಸರಿನಲ್ಲಿ ಆಚರಿಸುತ್ತಾರೆ.

ಪಂಕ್ತಿಯಿಂದ ಕಾನೂನಿನ ಮೂಲಕವೇ ಎಬ್ಬಿಸಲ್ಪಟ್ಟವರೂ ಇದ್ದರು. 1923ರ ಜುಲೈ 1ರಂದು, ಅಂದರೆ ದೇಶದ ಹುಟ್ಟುಹಬ್ಬದಂದೇ, ಚೀನೀಯರ ವಲಸೆಯನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸುವ ಕಾಯ್ದೆ ಜಾರಿಗೆ ಬಂತು. ಗಂಡ ವ್ಯಾಂಕೂವರ್‌ನಲ್ಲಿ, ಹೆಂಡತಿ ಮಕ್ಕಳು ಚೀನಾದಲ್ಲಿ. 1947ರವರೆಗೆ ಇದೇ ಸ್ಥಿತಿ. ಮೂಲನಿವಾಸಿಗಳ ಮಕ್ಕಳನ್ನು ವಸತಿ ಶಾಲೆಗಳಿಗೆ ಕಡ್ಡಾಯವಾಗಿ ಒಯ್ಯುವ ಅಧಿಕಾರವನ್ನು 1920ರ ತಿದ್ದುಪಡಿ ಸರ್ಕಾರಕ್ಕೆ ಕೊಟ್ಟಿತು. ತಮ್ಮ ಭೂಮಿಯ ಹಕ್ಕಿಗಾಗಿ ಮೊಕದ್ದಮೆ ಹೂಡಲು ಹಣ ಸಂಗ್ರಹಿಸುವುದನ್ನೂ 1927ರಲ್ಲಿ ಅಪರಾಧವನ್ನಾಗಿ ಮಾಡಲಾಯಿತು. ಬ್ರಿಟಿಷ್ ಕೊಲಂಬಿಯಾದಲ್ಲಿದ್ದ ಭಾರತೀಯರಿಗೆ, ಬಹುಪಾಲು ಪಂಜಾಬಿನ ಸಿಖ್ಖರಿಗೆ, ಮತದಾನದ ಹಕ್ಕಿರಲಿಲ್ಲ. 1922ರಲ್ಲಿ ಭಾರತದಿಂದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಹೋಗಿ ಅವರ ಪರವಾಗಿ ವಾದಿಸಿದರು. ಸಾಮ್ರಾಜ್ಯದ ಪ್ರಜೆಗಳೆಲ್ಲ ಸಮಾನರು ಎಂಬ ಅವರ ಮಾತನ್ನು ಕೆನಡಾ ಮರ್ಯಾದೆಯಿಂದ ಕೇಳಿಸಿಕೊಂಡು ಸುಮ್ಮನಾಯಿತು. ಆ ಹಕ್ಕು ಬಂದದ್ದೂ 1947ರಲ್ಲೇ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೂನು ಸ್ವಲ್ಪ ಬಾಗಿತು. ಕೇಂದ್ರದ ಚುನಾವಣೆಯಲ್ಲಿ ಹೆಚ್ಚಿನ ಮಹಿಳೆಯರಿಗೆ 1918ರಲ್ಲಿ ಮತ ಸಿಕ್ಕಿತು. 1921ರಲ್ಲಿ ಆಗ್ನೆಸ್ ಮ್ಯಾಕ್‌ಫೇಲ್ ಮೊದಲ ಸಂಸದೆಯಾದಳು. ಪಾರ್ಲಿಮೆಂಟಿನ ಮೇಲ್ಮನೆಯಾದ ಸೆನೆಟ್ ಮಾತ್ರ ಮುಚ್ಚಿದ ಬಾಗಿಲು. ಅಲ್ಲಿಗೆ ‘ಅರ್ಹ ವ್ಯಕ್ತಿ’ಗಳನ್ನು ನೇಮಿಸಬಹುದು ಎಂದು ಕಾಯ್ದೆ ಹೇಳುತ್ತಿತ್ತು. ಹೆಂಗಸು ‘ವ್ಯಕ್ತಿ’ಯೇ? ಅಲ್ಲ ಎಂದಿತು ಕೆನಡಾದ ಸುಪ್ರೀಂ ಕೋರ್ಟು, 1928ರಲ್ಲಿ. ಆಲ್ಬರ್ಟಾದ ಐವರು ಮಹಿಳೆಯರು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ, ಅಂದರೆ ಆಗ ಕೆನಡಾದ ಕೊನೆಯ ಮೇಲ್ಮನವಿ ಪೀಠದವರೆಗೆ, ಹೋದರು. 1929ರ ಅಕ್ಟೋಬರ್ 18ರಂದು ತೀರ್ಪು ಬಂತು. ಆ ಪದದಲ್ಲಿ ಮಹಿಳೆಯರು ಏಕೆ ಸೇರಬೇಕು ಎಂದು ಕೇಳುವವರಿಗೆ, ಏಕೆ ಸೇರಬಾರದು ಎಂಬುದೇ ಉತ್ತರ ಎಂದಿತು ಪೀಠ. ಈ ಐವರ ಮುಂದಾಳು ಎಮಿಲಿ ಮರ್ಫಿಯನ್ನು ಇಂದು ಪ್ರತಿಮೆಯಾಗಿ ನಿಲ್ಲಿಸಿದ್ದಾರೆ. ಬುದ್ಧಿಮಾಂದ್ಯರೆಂದು ಅಧಿಕಾರಿಗಳು ಹಣೆಪಟ್ಟಿ ಹಚ್ಚಿದವರಿಗೆ ಸಂತಾನಹರಣ ಮಾಡಿಸುವ ಆಲ್ಬರ್ಟಾದ 1928ರ ಕಾಯ್ದೆಗೆ ಆಕೆಯ ಬೆಂಬಲವೂ ಇತ್ತು ಎಂಬುದನ್ನು ಪ್ರತಿಮೆ ಹೇಳುವುದಿಲ್ಲ.

ಇನ್ನು ವುಡ್ಸ್‌ವರ್ತ್. 1926ರಲ್ಲಿ ಪ್ರಧಾನಿ ಮೆಕೆಂಜಿ ಕಿಂಗ್‌ಗೆ ಬಹುಮತವಿರಲಿಲ್ಲ. ಒಂದೊಂದು ಮತವೂ ಬೇಕಿತ್ತು. ನಮ್ಮ ಬೆಂಬಲ ಬೇಕಾದರೆ ಮುದುಕರಿಗೆ ಪಿಂಚಣಿ ಕೊಡಿ ಎಂದು ವುಡ್ಸ್‌ವರ್ತ್ ಪಟ್ಟು ಹಿಡಿದ. 1927ರಲ್ಲಿ ಕಾಯ್ದೆ ಬಂತು: 70 ದಾಟಿದ ಬಡವರಿಗೆ ತಿಂಗಳಿಗೆ ಗರಿಷ್ಠ 20 ಡಾಲರ್. ಬಡತನ ಸಾಬೀತುಪಡಿಸಬೇಕು. ಮೂಲನಿವಾಸಿಗಳಿಗೆ ಇಲ್ಲ. ಇನ್ನೂ ಒಂದು ಷರತ್ತಿತ್ತು, ಅರ್ಧ ಖರ್ಚನ್ನು ಪ್ರಾಂತ್ಯ ಭರಿಸಬೇಕು. ಹಾಗಾಗಿ ಬಡ ಪ್ರಾಂತ್ಯಗಳ ಮುದುಕರೇ ಹೆಚ್ಚು ವರ್ಷ ಕಾಯಬೇಕಾಯಿತು. ಇಷ್ಟಾದರೂ ಹೊಣೆಯ ಒಂದು ತುಣುಕು ಮೊದಲ ಬಾರಿಗೆ ಮೇಲಕ್ಕೆ ಸರಿದಿತ್ತು.

ಬಿದ್ದದ್ದು ಹೇಗೆ

1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿದದ್ದು ಎಲ್ಲರಿಗೂ ಗೊತ್ತು. ಕೆನಡಾವನ್ನು ಕೆಡವಿದ್ದು ಷೇರಿಗಿಂತ ಹೆಚ್ಚಾಗಿ ಗೋಧಿ. ದೇಶದ ವರಮಾನದ ದೊಡ್ಡ ಪಾಲು ರಫ್ತಿನಿಂದ ಬರುತ್ತಿತ್ತು. ರಫ್ತಾಗುತ್ತಿದ್ದುದು ಗೋಧಿ, ಕಾಗದ, ಮರ, ಅದಿರು. ಮುಖ್ಯ ಗಿರಾಕಿಗಳು ಇಬ್ಬರೇ, ಅಮೆರಿಕ ಮತ್ತು ಬ್ರಿಟನ್. 1930ರಲ್ಲಿ ಅಮೆರಿಕ ಸುಂಕದ ಗೋಡೆ ಎತ್ತರಿಸಿತು. ಯುರೋಪಿನ ದೇಶಗಳೂ ತಮ್ಮ ರೈತರನ್ನು ಕಾಪಾಡಲು ಅದೇ ಹಾದಿ ಹಿಡಿದವು.

ರೈತರು ಪೆದ್ದರಾಗಿರಲಿಲ್ಲ. 1923-24ರಲ್ಲಿ ಮೂರು ಬಯಲು ಪ್ರಾಂತ್ಯಗಳಲ್ಲಿ ‘ಗೋಧಿ ಪೂಲ್’ ಎಂಬ ಸಹಕಾರಿ ಮಾರಾಟ ಸಂಸ್ಥೆಗಳನ್ನು ಕಟ್ಟಿಕೊಂಡಿದ್ದರು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರಿದರೆ ಬೆಲೆ ಇಳಿಯುತ್ತದೆ. ಅದರ ಬದಲು ಪೂಲ್‌ಗೆ ಕೊಟ್ಟು, ಮುಂಗಡ ಪಡೆದು, ವರ್ಷವಿಡೀ ಮಾರಿ ಬಂದ ಹಣದಲ್ಲಿ ಉಳಿದ ಪಾಲು ತೆಗೆದುಕೊಳ್ಳುವುದು. ಒಳ್ಳೆಯ ಏರ್ಪಾಡೇ. 1929ರ ಬೆಳೆಗೆ ಪೂಲ್ ಕೊಟ್ಟ ಮುಂಗಡ ಬುಶೆಲ್‌ಗೆ, ಅಂದರೆ ಸುಮಾರು 27 ಕಿಲೋಗೆ, ಒಂದು ಡಾಲರ್. ಆಮೇಲೆ ಪೇಟೆಯ ದರ ಆ ಮುಂಗಡಕ್ಕಿಂತ ಕೆಳಗಿಳಿಯಿತು. ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ. ಬ್ಯಾಂಕುಗಳು ಕುತ್ತಿಗೆಗೆ ಕೂತವು, ಪ್ರಾಂತ್ಯ ಸರ್ಕಾರಗಳು ಜಾಮೀನು ನಿಂತು ತಾವೂ ಸಾಲಕ್ಕೆ ಬಿದ್ದವು. ಯುದ್ಧ ಮುಗಿದ ಹೊಸತರಲ್ಲಿ ಎರಡು ಡಾಲರ್ ದಾಟಿದ್ದ ಗೋಧಿ 1932ರ ಡಿಸೆಂಬರ್‌ನಲ್ಲಿ 40 ಸೆಂಟ್‌ಗೂ ಕೆಳಗಿತ್ತು.

ಬೆಲೆ ಹೋಯಿತು, ಬೆನ್ನಿಗೇ ಮಳೆಯೂ ಹೋಯಿತು. ದಕ್ಷಿಣ ಸಸ್ಕ್ಯಾಚೆವಾನ್ ಮತ್ತು ಆಲ್ಬರ್ಟಾದ ಒಣ ಪ್ರದೇಶವನ್ನು ಬೇಸಾಯಕ್ಕೆ ಒಗ್ಗದ ಜಾಗ ಎಂದು 1850ರ ದಶಕದಲ್ಲೇ ಪ್ಯಾಲಿಸರ್ ಎಂಬ ಅನ್ವೇಷಕ ಹೇಳಿ ಹೋಗಿದ್ದ. ಒಳ್ಳೆಯ ಮಳೆಯ ವರ್ಷಗಳಲ್ಲಿ ಆ ಎಚ್ಚರಿಕೆ ಯಾರಿಗೂ ಬೇಡವಾಗಿತ್ತು. ಹುಲ್ಲಿನ ಬೇರು ಕಿತ್ತು ಉತ್ತ ಮಣ್ಣು ಈಗ ಗಾಳಿಗೆ ಎದ್ದು ಹಗಲನ್ನೇ ಕತ್ತಲು ಮಾಡಿತು. ಮಿಡತೆಗಳು ಬಂದವು. ದನಗಳಿಗೆ ‘ರಷ್ಯನ್ ಥಿಸಲ್’ ಎಂಬ ಮುಳ್ಳುಕಳೆಯನ್ನೇ ಕಡಿದು ಹಾಕಿದರು. 1937ರಲ್ಲಿ ಸಸ್ಕ್ಯಾಚೆವಾನ್‌ನ ಗೋಧಿ ಇಳುವರಿ ಎಕರೆಗೆ ಮೂರು ಬುಶೆಲ್ ಕೂಡ ಮುಟ್ಟಲಿಲ್ಲ. 1928ರಿಂದ 1933ರ ನಡುವೆ ಆ ಪ್ರಾಂತ್ಯದ ತಲಾ ವರಮಾನ ನೂರಕ್ಕೆ 72ರಷ್ಟು ಇಳಿದಿತ್ತು.

ಪೆಟ್ರೋಲಿಗೆ ಕಾಸಿಲ್ಲದ ರೈತರು ಸುಗ್ಗಿಯ ಕಾಲದಲ್ಲಿ ಕೊಂಡಿದ್ದ ಕಾರಿನ ಎಂಜಿನ್ ಕಳಚಿ, ಮುಂದೆ ಕುದುರೆ ಕಟ್ಟಿದರು. ರಬ್ಬರ್ ಟೈರು, ಮೆತ್ತನೆಯ ಸೀಟು. ಗಾಡಿಯಾಗಿ ನೋಡಿದರೆ ಸುಖವಾದದ್ದೇ. ಆಗಿನ ಪ್ರಧಾನಿಯ ಹೆಸರನ್ನೇ ಅದಕ್ಕಿಟ್ಟು ‘ಬೆನೆಟ್ ಬಗ್ಗಿ’ ಎಂದು ಕರೆದರು.

ಚೀಟಿ, ಶಿಬಿರ, ರೈಲು

1933ರ ಹೊತ್ತಿಗೆ ದುಡಿಯುವವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಸುಮಾರು 15 ಲಕ್ಷ ಜನ ಸರ್ಕಾರಿ ಪರಿಹಾರದ ಮೇಲಿದ್ದರು. ಪರಿಹಾರಕ್ಕೆ ಜನ ಇಟ್ಟ ಹೆಸರು ‘ಪೋಗಿ’. ಬಹಳ ಕಡೆ ಅದು ನಗದಲ್ಲ, ಚೀಟಿ. ಅಂಗಡಿಯಲ್ಲಿ ಚೀಟಿ ಚಾಚಿದ ಕೂಡಲೇ ಸಾಲಿನಲ್ಲಿದ್ದವರಿಗೆಲ್ಲ ವಿಷಯ ಗೊತ್ತಾಗುತ್ತಿತ್ತು. ಅನೇಕ ಊರುಗಳಲ್ಲಿ ಚೀಟಿ ಬೇಕಾದರೆ ವಾಹನ ಪರವಾನಗಿ, ಟೆಲಿಫೋನು ಬಿಟ್ಟುಕೊಡಬೇಕಿತ್ತು. ತನಿಖಾಧಿಕಾರಿ ಮನೆಗೆ ಬಂದು ಅಡುಗೆಮನೆ ನೋಡಿ ಹೋಗುತ್ತಿದ್ದ. ಕೆಲಸ ಮಾಡದವನಿಗೆ ಸುಖ ಸಿಕ್ಕರೆ ಕೆಟ್ಟುಹೋಗುತ್ತಾನೆ ಎಂಬ ನಂಬಿಕೆ ಇದರ ಹಿಂದಿತ್ತು. ಮಾಡಲು ಕೆಲಸವೇ ಇಲ್ಲ ಎಂಬುದು ಆ ನಂಬಿಕೆಯನ್ನು ಅಲುಗಿಸಲಿಲ್ಲ. ವಲಸೆ ಬಂದವರು ಸಹಾಯ ಕೇಳಿದರೆ ಗಡೀಪಾರೂ ಆಗಬಹುದಿತ್ತು. ಸಾವಿರಾರು ಮಂದಿ ಆದರು.

ಎಲ್ಲರೂ ಒಂದೇ ಸಮ ಬಡವರಾಗಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಬೆಲೆಗಳು ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದ್ದರಿಂದ ಕೆಲಸ ಉಳಿಸಿಕೊಂಡ ಸಂಬಳದಾರರು ಮೊದಲಿಗಿಂತ ಚೆನ್ನಾಗಿಯೇ ಬದುಕಿದರು. ಒಂದೇ ಬೀದಿಯಲ್ಲಿ ಒಬ್ಬನಿಗೆ ಸುಭಿಕ್ಷ, ಪಕ್ಕದ ಮನೆಯವನಿಗೆ ಚೀಟಿ.

ಪ್ರಧಾನಿಗಳ ವರ್ತನೆಯನ್ನು ನೋಡಿದರೆ ಆ ಕಾಲದ ತಲೆ ಹೇಗೆ ಓಡುತ್ತಿತ್ತು ಎಂಬುದು ತಿಳಿಯುತ್ತದೆ. 1930ರ ಏಪ್ರಿಲ್‌ನಲ್ಲಿ ಕಿಂಗ್, ವಿರೋಧ ಪಕ್ಷದ ಪ್ರಾಂತ್ಯ ಸರ್ಕಾರಗಳಿಗೆ ನಿರುದ್ಯೋಗ ಪರಿಹಾರಕ್ಕೆಂದು ಐದು ಸೆಂಟನ್ನೂ ಕೊಡಲಾರೆ ಎಂದುಬಿಟ್ಟ. ಕೆಲವೇ ತಿಂಗಳಲ್ಲಿ ಚುನಾವಣೆ ಸೋತ. ಗೆದ್ದ ಆರ್. ಬಿ. ಬೆನೆಟ್ 2 ಕೋಟಿ ಡಾಲರ್ ಮಂಜೂರು ಮಾಡಿದ. ಆದರೆ ಅದು ತುರ್ತಿನ ನೆರವು, ಹೊಣೆ ಪ್ರಾಂತ್ಯಗಳದ್ದೇ ಎಂದು ಮತ್ತೆ ಮತ್ತೆ ಹೇಳಿದ. ಬೆನೆಟ್ ದೊಡ್ಡ ಶ್ರೀಮಂತ, ಮದುವೆಯಾಗಿರಲಿಲ್ಲ, ಒಟ್ಟಾವಾದ ಐಷಾರಾಮಿ ಹೋಟೆಲಿನಲ್ಲಿ ವಾಸ. ದೇಶದ ಮೂಲೆಮೂಲೆಯಿಂದ ಬಡವರು ಆತನಿಗೆ ಪತ್ರ ಬರೆದರು: ಚಳಿಗೆ ಒಳಉಡುಪಿಲ್ಲ, ಮಕ್ಕಳಿಗೆ ಬೂಟಿಲ್ಲ. ಆತ ಎಷ್ಟೋ ಉತ್ತರಗಳಲ್ಲಿ ತನ್ನ ಸ್ವಂತ ಹಣದ ಐದು ಡಾಲರ್ ನೋಟು ಮಡಚಿಟ್ಟು ಕಳಿಸುತ್ತಿದ್ದ. ಕಲ್ಲೆದೆಯವನಲ್ಲ. ದಾನ ಮಾಡುವುದು ಮನುಷ್ಯನ ಕೆಲಸ, ಸರ್ಕಾರದ್ದಲ್ಲ ಎಂದು ನಿಜವಾಗಿಯೂ ನಂಬಿದ್ದವನು. ನನಗೆ ಇಡೀ ಕಾಲದ ಗೊಂದಲ ಆ ಐದು ಡಾಲರ್ ನೋಟಿನಲ್ಲಿ ಕಾಣುತ್ತದೆ.

ಮದುವೆಯಾಗದ ಗಂಡಸರಿಗೆ ಹೆಚ್ಚಿನ ನಗರಸಭೆಗಳು ಚೀಟಿಯನ್ನೂ ಕೊಡಲಿಲ್ಲ. ಅವರು ಗೂಡ್ಸ್ ರೈಲಿನ ನೆತ್ತಿ ಹತ್ತಿ ಊರೂರು ಅಲೆದರು, ಗಂಜಿ ಕೇಂದ್ರಗಳ ಮುಂದೆ ನಿಂತರು. ಇವರು ಕಮ್ಯುನಿಸ್ಟರ ಕೈಗೆ ಸಿಕ್ಕಾರು ಎಂಬ ಭಯದಿಂದ 1932ರಲ್ಲಿ ಸೇನೆಯ ಉಸ್ತುವಾರಿಯಲ್ಲಿ ಶಿಬಿರಗಳು ತೆರೆದವು. ಊಟ, ಹಾಸಿಗೆ, ರಸ್ತೆ ಕಡಿಯುವ ಕೆಲಸ, ದಿನಕ್ಕೆ 20 ಸೆಂಟ್. ನಾಲ್ಕು ವರ್ಷಗಳಲ್ಲಿ 1 ಲಕ್ಷ 70 ಸಾವಿರ ಮಂದಿ ಅಲ್ಲಿ ಇದ್ದು ಹೋದರು. ಹೊಟ್ಟೆಗಿತ್ತು, ಮುಂದೇನು ಎಂಬುದಕ್ಕೆ ಉತ್ತರವಿರಲಿಲ್ಲ.

1935ರ ಜೂನ್‌ನಲ್ಲಿ ಶಿಬಿರಗಳನ್ನು ಬಿಟ್ಟು ಬಂದ ಸುಮಾರು ಸಾವಿರ ಮಂದಿ ವ್ಯಾಂಕೂವರ್‌ನಲ್ಲಿ ಗೂಡ್ಸ್ ರೈಲು ಹತ್ತಿದರು, ಪ್ರಧಾನಿಯನ್ನು ಕಂಡೇ ಮಾತಾಡುತ್ತೇವೆಂದು. ದಾರಿಯ ಊರುಗಳ ಜನ ಊಟ ಕೊಟ್ಟರು, ಗುಂಪು ಬೆಳೆಯಿತು. ರೆಜೈನಾದಲ್ಲಿ ಸರ್ಕಾರ ತಡೆಯಿತು. ಎಂಟು ಪ್ರತಿನಿಧಿಗಳನ್ನು ಮಾತ್ರ ಒಟ್ಟಾವಾಕ್ಕೆ ಬಿಟ್ಟರು. ಮಾತುಕತೆಯಲ್ಲಿ ಬೆನೆಟ್, ಗುಂಪಿನ ನಾಯಕ ಆರ್ಥರ್ ಇವಾನ್ಸ್‌ನನ್ನು ಹಣ ತಿಂದವನೆಂದು ಜರೆದ, ಇವಾನ್ಸ್ ಪ್ರಧಾನಿಯನ್ನು ಸುಳ್ಳುಗಾರನೆಂದ. ಅಲ್ಲಿಗೆ ಮುಗಿಯಿತು. ಜುಲೈ 1ರ ಸಂಜೆ ರೆಜೈನಾದ ಸಭೆಯ ಮೇಲೆ ಪೊಲೀಸರು ಬಿದ್ದರು. ಬೀದಿ ಕಾಳಗದಲ್ಲಿ ಒಬ್ಬ ಪೊಲೀಸ್ ಸತ್ತ; ರೈಲೇರಿ ಬಂದಿದ್ದವರಲ್ಲಿ ಪೆಟ್ಟು ತಿಂದ ಒಬ್ಬ ಆಮೇಲೆ ಆಸ್ಪತ್ರೆಯಲ್ಲಿ ಸತ್ತ.

ಮತಪೆಟ್ಟಿಗೆಯಲ್ಲೂ ಸಿಟ್ಟು ಕಂಡಿತು. ಆಲ್ಬರ್ಟಾದಲ್ಲಿ ವಿಲಿಯಂ ಆಬರ್‌ಹಾರ್ಟ್ ಎಂಬ ಶಾಲಾ ಮುಖ್ಯೋಪಾಧ್ಯಾಯ, ರೇಡಿಯೊ ಪ್ರವಚನಕಾರ, ಪ್ರತಿ ವಯಸ್ಕನಿಗೆ ತಿಂಗಳಿಗೆ 25 ಡಾಲರ್ ಎಂದು ಹೇಳಿ 1935ರಲ್ಲಿ ಅಧಿಕಾರಕ್ಕೆ ಬಂದ. ಆ 25 ಡಾಲರ್ ಬರಲೇ ಇಲ್ಲ. ಬದಲಿಗೆ ‘ಸಮೃದ್ಧಿ ಪತ್ರ’ ಎಂಬ ಕಾಗದ ಬಂತು. ಕೈಯಲ್ಲಿಟ್ಟುಕೊಂಡವರು ವಾರಕ್ಕೊಂದು ಸೆಂಟಿನ ಸ್ಟಾಂಪು ಅಂಟಿಸುತ್ತಾ ಹೋಗಬೇಕು, ಇಲ್ಲವಾದರೆ ಅದಕ್ಕೆ ಬೆಲೆಯಿಲ್ಲ. ಜನ ಬೇಗ ಖರ್ಚು ಮಾಡಲಿ ಎಂಬ ಉಪಾಯ. ವ್ಯಾಪಾರಿಗಳಿಗೆ ಬೇಡವಾಯಿತು. ಅತ್ತ ವುಡ್ಸ್‌ವರ್ತ್ ಮತ್ತು ಸಂಗಡಿಗರು 1932ರಲ್ಲಿ ಸಮಾಜವಾದಿ ಪಕ್ಷವೊಂದನ್ನು ಕಟ್ಟಿ, ಆರೋಗ್ಯ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲವೂ ಸರ್ಕಾರದ ಕರ್ತವ್ಯ ಎಂದು ಸಾರಿದರು.

ಕೊನೆಗಾಲದಲ್ಲಿ ಬೆನೆಟ್ ಕೂಡ ತಿರುಗಿದ. 1935ರ ಜನವರಿಯಲ್ಲಿ ರೇಡಿಯೊದಲ್ಲಿ ನಿರುದ್ಯೋಗ ವಿಮೆ, ಕನಿಷ್ಠ ಕೂಲಿ ಎಂದು ಮಾತಾಡಿದ, ಕಾಯ್ದೆಗಳನ್ನೂ ಮಾಡಿದ. ಜನ ನಂಬದೆ ಅದೇ ವರ್ಷ ಕಿಂಗ್‌ನನ್ನು ವಾಪಸು ತಂದರು. 1937ರಲ್ಲಿ ಪ್ರಿವಿ ಕೌನ್ಸಿಲ್ ಆ ಕಾಯ್ದೆಗಳಲ್ಲಿ ಮುಖ್ಯವಾದವನ್ನು ರದ್ದು ಮಾಡಿತು. ಕಾರಣ ಹಳೆಯದೇ: 1867ರ ಹಂಚಿಕೆಯ ಪ್ರಕಾರ ಇವು ಪ್ರಾಂತ್ಯಗಳ ಕೆಲಸ. ಎಂಟು ವರ್ಷ ಹಿಂದೆ ಮಹಿಳೆಯರಿಗಾಗಿ ಕಾಯ್ದೆಯ ಪದವೊಂದನ್ನು ಉದಾರವಾಗಿ ಓದಿದ್ದ ಸಂಸ್ಥೆಯೇ ಅದು.

ಅದೇ ವರ್ಷ ಕಿಂಗ್ ಒಂದು ರಾಯಲ್ ಕಮಿಷನ್, ಅಂದರೆ ಉನ್ನತ ವಿಚಾರಣಾ ಆಯೋಗ, ನೇಮಿಸಿ, ಕೇಂದ್ರ ಮತ್ತು ಪ್ರಾಂತ್ಯಗಳ ಲೆಕ್ಕವನ್ನು ಬುಡದಿಂದ ನೋಡಲು ಹೇಳಿದ. 1940ರಲ್ಲಿ ವರದಿ ಬಂತು: ಕೆಲಸ ಮಾಡಬಲ್ಲ ನಿರುದ್ಯೋಗಿಗಳ ಹೊಣೆ ಒಟ್ಟಾವಾದ್ದು. ಅದೇ ವರ್ಷ ಪ್ರಾಂತ್ಯಗಳ ಒಪ್ಪಿಗೆಯೊಂದಿಗೆ ಸಂವಿಧಾನಕ್ಕೆ ತಿದ್ದುಪಡಿಯಾಗಿ ನಿರುದ್ಯೋಗ ವಿಮೆ ಕಾಯ್ದೆಯಾಯಿತು.

ಆ ವೇಳೆಗೆ ಎರಡನೆಯ ಯುದ್ಧ ಶುರುವಾಗಿತ್ತು. ಶಿಬಿರದ ದಿನಗೂಲಿ 20 ಸೆಂಟ್ ಇದ್ದ ಕಡೆ ಸೇನೆ ಸಾಮಾನ್ಯ ಸಿಪಾಯಿಗೆ ದಿನಕ್ಕೆ 1 ಡಾಲರ್ 30 ಸೆಂಟ್ ಕೊಡುತ್ತಿತ್ತು. ಕೆಲಸ ಹುಡುಕಿ ರೈಲಿನ ನೆತ್ತಿಯ ಮೇಲೆ ಅಲೆದಿದ್ದ ತಲೆಮಾರು ಈಗ ಅದೇ ಹಳಿಗಳ ಮೇಲೆ ಟಿಕೆಟ್ ಸಮೇತ ಬಂದರುಗಳತ್ತ ಹೊರಟಿತು. 1941ರ ಜುಲೈನಲ್ಲಿ ವಿಮೆಯ ವಂತಿಗೆ ಕಡಿತ ಆರಂಭವಾದಾಗ, ಕಾರ್ಖಾನೆಗಳವರು ಆಳು ಸಿಗುತ್ತಿಲ್ಲವೆಂದು ದೂರುತ್ತಿದ್ದರು.